ಡ್ರ್ಯಾಗನ್ನೋ, ಪ್ರೀತಿಯೋ, ಅಜ್ಜಿಯರ ಪತ್ತೇದಾರಿಯೋ?

"ರಜಕ್ಕೆ ಒಂದೇ ಒಂದು ಇಂಗ್ಲಿಷ್ ಕಾದಂಬರಿ ಹೇಳು" ಅಂತ ಮಂಡ್ಯದ ಅತ್ತಿಗೆ ಕೇಳಿದರು. ಮೈಸೂರಿನ ನಮ್ಮನೆಯಲ್ಲಿ ಓದಿ ಮುಗಿಸಿದವು ಮೂರಿದ್ದವು.

ರೆಬೆಕಾ ಯಾರೋಸ್ ಬರೆದ 'ಫೋರ್ತ್ ವಿಂಗ್' (2023) ಫ್ಯಾಂಟಸಿ. ಪುಸ್ತಕಗಳ ನಡುವೆ ಇರಬೇಕೆಂದಿದ್ದ ವೈಲೆಟ್‌ಳನ್ನು ಸೇನೆಯಲ್ಲಿರುವ ಹೆತ್ತ ತಾಯಿಯೇ ಡ್ರ್ಯಾಗನ್ ಸವಾರರ ತರಬೇತಿಗೆ ತಳ್ಳುತ್ತಾಳೆ. ಮೊದಲ ದಿನವೇ ಇಕ್ಕಟ್ಟಾದ ಕಲ್ಲುಸೇತುವೆ ದಾಟಬೇಕು. ಕಾಲು ಜಾರಿದರೆ ಕಥೆ ಮುಗೀತು. ಓಟ ಜೋರು, ಆದರೆ ಇದು ಸರಣಿಯ ಮೊದಲ ಭಾಗ. ಒಂದಕ್ಕೇ ನಿಲ್ಲಿಸೋದು ಕಷ್ಟ. ಹಸಿಬಿಸಿ ಪ್ರಸಂಗಗಳೂ ಇವೆ, ಮಗಳ ಕೈಗೆ ಸಿಗದ ಹಾಗೆ ಇಡಿ ಅಂದೆ.

ಎಮಿಲಿ ಹೆನ್ರಿಯ 'ಬುಕ್ ಲವರ್ಸ್' (2022) ಪ್ರೇಮಕಥೆ. ಪುಸ್ತಕ ಲೋಕದ ಇಬ್ಬರು ಜಗಳಗಂಟರು ಸಣ್ಣ ಊರಲ್ಲಿ ಎದುರಾಗುತ್ತಾರೆ. ಕೊನೆ ಏನಂತ ಮೊದಲೇ ಗೊತ್ತು, ಅಲ್ವಾ? ನನಗೆ ಹಿಡಿಸಿದ್ದು ಅಕ್ಕ-ತಂಗಿಯರ ಮಾತುಕತೆ.

ನನ್ನ ಓಟು ಮಾತ್ರ ರಿಚರ್ಡ್ ಆಸ್ಮನ್ ಅವರ 'ದಿ ಥರ್ಸ್‌ಡೇ ಮರ್ಡರ್ ಕ್ಲಬ್'ಗೆ (2020). ಇಂಗ್ಲೆಂಡಿನ ಕೆಂಟ್‌ನಲ್ಲಿ ನಿವೃತ್ತರ ಊರು. ನಾಲ್ವರು ಹಿರಿಯರು ಗುರುವಾರ ಸೇರಿ ಹಳೇ ಕೊಲೆ ಕೇಸುಗಳನ್ನು ಕೆದಕುತ್ತಾರೆ. ಅಷ್ಟರಲ್ಲಿ ಪಕ್ಕದಲ್ಲೇ ಹೊಸ ಕೊಲೆ! ಜಾಯ್ಸ್ ಅಜ್ಜಿಯ ಡೈರಿಯಲ್ಲಿ ಹೆಣ, ಕೇಕ್, ಮಗಳ ಮೇಲಿನ ಮುನಿಸು ಎಲ್ಲಾ ಒಟ್ಟೊಟ್ಟಿಗೆ. ಸುಳಿವುಗಳು ಸ್ವಲ್ಪ ಜಾಸ್ತಿಯೇ ಗೋಜಲು. ಆದರೂ ರೈಲಿನಲ್ಲಿ ಇದನ್ನು ಓದುತ್ತಾ ಮಂಡ್ಯದಲ್ಲಿ ಇಳಿಯೋದು ಮರೆತು ಮದ್ದೂರು ತಲುಪಿದ್ದೆ. ವಡೆ ತಿಂದು ವಾಪಸ್ ಬಂದೆ.

ಅತ್ತಿಗೆ ಮಾತ್ರ ಡ್ರ್ಯಾಗನ್ನನ್ನೇ ಒಯ್ದರು.