ಕೆನಡಾ ಓಪನ್ ವರ್ಕ್ ಪರ್ಮಿಟ್‌ಗೆ ಅರ್ಜಿ ಹಾಕುತ್ತಿರುವ ದಂಪತಿಗಳು ದಯವಿಟ್ಟು ಗಮನಿಸಿ: ನನ್ನ ಹೆಸರಿನ ಅರ್ಜಿಯನ್ನು ನಾನೇ ಓದಿರಲಿಲ್ಲ

ಕೆನಡಾದಲ್ಲಿ ಕೆಲಸದಲ್ಲಿರುವ ಯಜಮಾನರ ಬಳಿ ಹೋಗಲು ನಾನು ಹಾಕಿದ್ದ ಓಪನ್ ವರ್ಕ್ ಪರ್ಮಿಟ್ (ಒಬ್ಬರೇ ಉದ್ಯೋಗದಾತರಿಗೆ ಕಟ್ಟುಬೀಳದೆ ಕೆಲಸ ಮಾಡಬಹುದಾದ ಪರವಾನಗಿ) ಅರ್ಜಿ 2025ರ ಜೂನ್‌ನಲ್ಲಿ ತಿರಸ್ಕೃತವಾಯಿತು. ಅಲ್ಲಿನ ಅಧಿಕಾರಿಗಳು ಕಟ್ಟುನಿಟ್ಟಾಗಿರುವುದೇ ಇದಕ್ಕೆ ಕಾರಣ ಎಂದು ಎರಡು ತಿಂಗಳು ನಂಬಿಕೊಂಡಿದ್ದೆ. ಕಡತದ ಟಿಪ್ಪಣಿಯನ್ನೂ ಅರ್ಜಿಯ ಪ್ರತಿಯನ್ನೂ ತರಿಸಿ ಓದಿದ ಮೇಲೆ, ತಪ್ಪುಗಳೆಲ್ಲ ಇಲ್ಲಿ, ನಮ್ಮ ಶಿವಮೊಗ್ಗದಲ್ಲೇ, ನನ್ನ ಕಣ್ಣೆದುರಿನ ಮೇಜಿನ ಮೇಲೇ ನಡೆದಿದ್ದವು ಎಂದು ಗೊತ್ತಾಯಿತು. ನಮ್ಮ ಕಡೆಯ ಇನ್ನೊಬ್ಬ ಹೆಣ್ಣುಮಗಳಿಗೆ ಇದೇ ಅನುಭವವಾಗಬಾರದೆಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಮ್ಮ ಮದುವೆ 2024ರ ಮೇ ತಿಂಗಳಲ್ಲಿ, ತೀರ್ಥಹಳ್ಳಿ ಸಮೀಪದ ಅಪ್ಪಯ್ಯನ ಮನೆಯಂಗಳದಲ್ಲಿ ಚಪ್ಪರ ಹಾಕಿ ನಡೆಯಿತು. ಯಜಮಾನರು ಕೆನಡಾದ ಸಸ್ಕಟೂನ್ ನಗರದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಮದುವೆಯಾಗಿ 24 ದಿನಕ್ಕೆ ಹಿಂದಿರುಗಿದರು. 2025ರ ಜನವರಿ ಕೊನೆಯ ವಾರ ಶಿವಮೊಗ್ಗದಲ್ಲಿ ವೀಸಾ ಸಲಹೆಯ ಕಚೇರಿ ನಡೆಸುವ ಒಬ್ಬರಿಗೆ 85 ಸಾವಿರ ರೂಪಾಯಿಯನ್ನೂ ಎಲ್ಲ ಕಾಗದಪತ್ರಗಳನ್ನೂ ಕೊಟ್ಟೆವು. ಕೆನಡಾ ಸರ್ಕಾರಕ್ಕೆ ಕಟ್ಟಬೇಕಾದ ಪರ್ಮಿಟ್ ಶುಲ್ಕ 155 ಡಾಲರ್, ಓಪನ್ ಪರ್ಮಿಟ್‌ನ ಹೆಚ್ಚುವರಿ ಶುಲ್ಕ 100 ಡಾಲರ್, ಬೆರಳಚ್ಚು ಮತ್ತು ಫೋಟೊ ಕೊಡುವ ಬಯೋಮೆಟ್ರಿಕ್ಸ್‌ಗೆ 85 ಡಾಲರ್ ಬೇರೆ. ಅವರು ಕೊಟ್ಟ ರಸೀದಿಯಲ್ಲಿ ‘ಮಾರ್ಗದರ್ಶನ ಶುಲ್ಕ’ ಎಂದಷ್ಟೇ ಇತ್ತು. ಹಾಗೇಕೆ ಬರೆದರೆಂದು ನಾನು ಅಂದು ಯೋಚಿಸಲಿಲ್ಲ. ಹಣ ಪಡೆದು ಇನ್ನೊಬ್ಬರ ಪರವಾಗಿ ಕೆನಡಾದ ವಲಸೆ ಅರ್ಜಿ ನಡೆಸಲು ಅಲ್ಲಿನ ವಕೀಲರಿಗೆ, ವಕೀಲರ ಸಂಘದ ಸದಸ್ಯರಾದ ಪ್ಯಾರಾಲೀಗಲ್‌ಗಳಿಗೆ, ಕ್ವಿಬೆಕ್‌ನ ನೋಟರಿಗಳಿಗೆ ಮತ್ತು ವಲಸೆ ಸಲಹೆಗಾರರ ‘ಕಾಲೇಜು’ ಎಂಬ ಅಲ್ಲಿನ ನಿಯಂತ್ರಣ ಸಂಸ್ಥೆಯ ಸದಸ್ಯರಿಗೆ ಮಾತ್ರ ಅಧಿಕಾರವಿದೆ. ಆ ಸದಸ್ಯರ ಪಟ್ಟಿಯನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು. ನಾವು ಹಣ ಕೊಟ್ಟ ಶಿವಮೊಗ್ಗದವರು ಇವರಲ್ಲಿ ಯಾರೂ ಆಗಿರಲಿಲ್ಲ. ಆದ್ದರಿಂದಲೇ ಪ್ರತಿನಿಧಿಯ ಫಾರಂ ಸಲ್ಲಿಸದೆ, ಎಲ್ಲವನ್ನೂ ನಾನೇ ತುಂಬಿದಂತೆ ಕೆನಡಾ ವಲಸೆ ಇಲಾಖೆಯ ಜಾಲತಾಣದಲ್ಲಿ ನನ್ನ ಹೆಸರಿನಲ್ಲಿ ಖಾತೆ ತೆರೆದಿದ್ದರು. ಅದರ ಇಮೇಲ್ ಅವರು ಮಾಡಿದ್ದು, ಪಾಸ್‌ವರ್ಡ್ ಅವರ ಬಳಿಯೇ ಇತ್ತು. ತಿರಸ್ಕಾರದ ಪತ್ರ ಬಂದು ಎಂಟು ದಿನಗಳಾದ ಮೇಲೆ ಅದರ ಸ್ಕ್ರೀನ್‌ಶಾಟ್ ಒಂದು ನನ್ನ ವಾಟ್ಸಾಪ್‌ಗೆ ಬಂತು.

ಮೊದಲ ತಪ್ಪು ದಿನಾಂಕದ್ದು. 2025ರ ಜನವರಿ 21ರಿಂದ ಕೆನಡಾ ಈ ಪರ್ಮಿಟ್‌ನ ನಿಯಮವನ್ನು ಬಿಗಿ ಮಾಡಿದೆ. ಅಲ್ಲಿ ಕೆಲಸ ಮಾಡುವವರ ಉದ್ಯೋಗ, ಬೇಕಾಗುವ ಓದು, ತರಬೇತಿ, ಅನುಭವ ನೋಡಿ ಕೆಲಸಗಳನ್ನು ‘ಟೀರ್’ ಎಂಬ ದರ್ಜೆಗಳಾಗಿ ವಿಂಗಡಿಸುವ ಕೆನಡಾದ ವರ್ಗೀಕರಣದಲ್ಲಿ ಟೀರ್ 0 ಅಥವಾ 1ರಲ್ಲಿರಬೇಕು, ಇಲ್ಲವೇ ಟೀರ್ 2 ಮತ್ತು 3ರ ಪೈಕಿ ಸರ್ಕಾರ ಗುರುತಿಸಿರುವ ಕೆಲವೇ ಉದ್ಯೋಗಗಳಲ್ಲಿ ಒಂದಾಗಿರಬೇಕು. ಜೊತೆಗೆ ಸಂಗಾತಿ ಅರ್ಜಿ ಹಾಕುವ ದಿನಕ್ಕೆ ಅವರ ವರ್ಕ್ ಪರ್ಮಿಟ್‌ನಲ್ಲಿ ಕನಿಷ್ಠ 16 ತಿಂಗಳು ಬಾಕಿ ಇರಬೇಕು. ವಿದ್ಯಾರ್ಥಿಗಳ ಸಂಗಾತಿಗಳಿಗೂ ಇಂಥದೇ ಮಿತಿ ಬಂದಿದೆ: 16 ತಿಂಗಳು ಅಥವಾ ಅದಕ್ಕಿಂತ ದೀರ್ಘವಾದ ಸ್ನಾತಕೋತ್ತರ ಪದವಿ, ಪಿಎಚ್‌ಡಿ ಮತ್ತು ಆಯ್ದ ಕೆಲವು ವೃತ್ತಿಪರ ಕೋರ್ಸುಗಳನ್ನು ಓದುವವರ ಗಂಡ ಅಥವಾ ಹೆಂಡತಿಗೆ ಮಾತ್ರ ಅವಕಾಶ. ಡಿಪ್ಲೊಮಾ ಓದುವವರ ಸಂಗಾತಿಗೂ ಸಿಗುತ್ತದೆ ಎಂದು ಈಗಲೂ ಹೇಳುವವರ ಮಾತನ್ನು ನಂಬಬೇಡಿ. ನಮ್ಮ ಯಜಮಾನರ ಪರ್ಮಿಟ್ 2026ರ ಜುಲೈ 10ರವರೆಗೆ ಇತ್ತು. ನಾವು ಕಾಗದ ಕೊಟ್ಟ ದಿನ 17 ತಿಂಗಳಿಗೂ ಹೆಚ್ಚು ಬಾಕಿ ಇತ್ತು. ಕಚೇರಿಯವರು ‘ಆಗುತ್ತೆ ಮೇಡಂ, ಫೈಲ್ ರೆಡಿಯಾಗ್ತಾ ಇದೆ’ ಎನ್ನುತ್ತಲೇ ಏಪ್ರಿಲ್ 2ಕ್ಕೆ ಅರ್ಜಿ ಸಲ್ಲಿಸಿದರು. ಅಂದಿಗೆ ಉಳಿದದ್ದು 15 ತಿಂಗಳು ಎಂಟು ದಿನ. ಉಳಿದೆಲ್ಲ ಸರಿಯಾಗಿದ್ದರೂ ಆ ಅರ್ಜಿ ಅಂದೇ ಸತ್ತಿತ್ತು.

ಉಳಿದದ್ದೂ ಸರಿಯಾಗಿರಲಿಲ್ಲ. ಅದರಲ್ಲಿ ಅಡಿಕೆ ಬೆಳೆಗಾರರ ಮನೆಯವರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿಯಿದೆ. ನನ್ನ ಬ್ಯಾಂಕ್ ಖಾತೆಗೆ ಮಾರ್ಚ್‌ನಲ್ಲಿ ಅಪ್ಪಯ್ಯ ಆರು ಲಕ್ಷ ರೂಪಾಯಿ ಹಾಕಿದ್ದರು. ನಮಗೆ ಅದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ: ಕೊಯ್ಲು ಮುಗಿದು, ಸುಲಿದು, ಬೇಯಿಸಿ, ಒಣಗಿಸಿ, ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆ ಮಾಡಿ ಮಂಡಿಗೆ ಕಳಿಸಿದ ಮೇಲೆ ವರ್ಷದ ದುಡ್ಡು ಒಂದೆರಡು ಸಲಕ್ಕೇ ಬರುತ್ತದೆ. ತಿಂಗಳ ಸಂಬಳದ ಲೆಕ್ಕ ನೋಡಿ ರೂಢಿಯಾದ ಅಧಿಕಾರಿಗೆ ಮಾತ್ರ, ಬರಿದಾಗಿದ್ದ ಖಾತೆಗೆ ಅರ್ಜಿಯ ಮುನ್ನಾ ತಿಂಗಳು ಬಿದ್ದ ಆರು ಲಕ್ಷ ಯಾರಿಂದಲೋ ಸಾಲ ತಂದು ತೋರಿಸಿದ ಹಣದಂತೆ ಕಾಣುತ್ತದೆ. ಟಿಪ್ಪಣಿಯಲ್ಲಿ ಅದನ್ನೇ ಬರೆದಿದ್ದರು: ದೊಡ್ಡ ಮೊತ್ತದ ಜಮೆ, ಮೂಲದ ವಿವರಣೆ ಇಲ್ಲ. ಅಪ್ಪಯ್ಯ ಮಂಡಿಯ ಪಟ್ಟಿಯನ್ನೂ ಪಹಣಿಯನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೈಯಾರೆ ಕೊಟ್ಟು ಬಂದಿದ್ದರು. ತೂಕ, ದರ, ಕಳೆದ ಖರ್ಚು, ಕೈಗೆ ಬಂದ ಮೊತ್ತ ಎಲ್ಲವೂ ಅದರಲ್ಲಿತ್ತು. ‘ಕನ್ನಡದ ಕಾಗದ ಅವರಿಗೆ ಅರ್ಥವಾಗಲ್ಲ’ ಎಂದು ಕಚೇರಿಯವರು ಅದನ್ನು ಲಗತ್ತಿಸಲೇ ಇಲ್ಲ. ಕನ್ನಡದ ದಾಖಲೆ ನಿಷಿದ್ಧವೇನಲ್ಲ. ಇಂಗ್ಲಿಷ್ ಭಾಷಾಂತರವನ್ನೂ ಭಾಷಾಂತರಕಾರರ ಅಫಿಡವಿಟ್ಟನ್ನೂ ಮೂಲದ ಪ್ರತಿಯೊಂದಿಗೆ ಇಟ್ಟರೆ ಸಾಕು. ವರ್ಷವಿಡೀ ಮಳೆಯಲ್ಲಿ, ಕೊಳೆರೋಗದ ಆತಂಕದಲ್ಲಿ ದುಡಿದ ಹಣ ಅನುಮಾನದ ಹಣವೆಂದು ದಾಖಲಾದದ್ದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಮದುವೆಯ ಪುರಾವೆಗೆ ನೋಂದಣಿ ಪ್ರಮಾಣಪತ್ರ ಮತ್ತು ಮೂರು ಫೋಟೊ ಇಟ್ಟಿದ್ದರು. ಮೂರರಲ್ಲೂ ಬಾಸಿಂಗ ಕಟ್ಟಿದ್ದರಿಂದ ಮುಖವೇ ಸರಿಯಾಗಿ ಕಾಣುತ್ತಿರಲಿಲ್ಲ. ಹಿರಿಯರು ನೋಡಿ ಮಾಡಿದ ಮದುವೆಯಲ್ಲಿ, ಅದರಲ್ಲೂ ಜೊತೆಗಿದ್ದದ್ದು ಕೆಲವೇ ದಿನಗಳಾದಾಗ, ಸಂಬಂಧ ನಿಜವಾದದ್ದೇ ಅಥವಾ ಪರ್ಮಿಟ್‌ಗಾಗಿ ಮಾಡಿಕೊಂಡದ್ದೇ ಎಂದು ಅಧಿಕಾರಿ ಪರಿಶೀಲಿಸುವುದು ಸಹಜ. ಎರಡೂ ಮನೆಯವರ ಜೊತೆಗಿನ ಫೋಟೊಗಳು, ಪ್ರಯಾಣದ ಟಿಕೆಟ್‌ಗಳು, ಕರೆಗಳ ದಾಖಲೆ, ಅವರು ಕಳಿಸಿದ ಹಣದ ವಿವರ, ಇವೆಲ್ಲ ನಮ್ಮ ಬಳಿ ಬೇಕಾದಷ್ಟಿದ್ದವು. ವಿವರಣೆಯ ಪತ್ರವಂತೂ ಬೇರೆ ಯಾರದೋ ಅರ್ಜಿಯಿಂದ ನಕಲು ಮಾಡಿದ್ದು. ಒಂದು ಕಡೆ ಯಜಮಾನರು ಬ್ರಾಂಪ್ಟನ್ ಎಂಬ ಬೇರೆಯೇ ನಗರದಲ್ಲಿದ್ದಾರೆ ಎಂದೂ ಇತ್ತು.

ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಇನ್ನೊಂದು. 2019ರಲ್ಲಿ ಅಕ್ಕನ ಬಾಣಂತನಕ್ಕೆ ಅಮ್ಮನ ಜೊತೆ ಅಮೆರಿಕಕ್ಕೆ ಹೋಗಲು ನಾನು ಹಾಕಿದ್ದ ಸಂದರ್ಶಕ ವೀಸಾ ನಿರಾಕರಣೆಯಾಗಿತ್ತು. ಅದನ್ನು ನಾನು ಮೊದಲ ದಿನವೇ ಹೇಳಿದ್ದೆ. ಕೆನಡಾ ಅಥವಾ ಬೇರೆ ಯಾವುದೇ ದೇಶ ನಿಮಗೆ ವೀಸಾ ನಿರಾಕರಿಸಿದೆಯೇ ಎಂಬ ಪ್ರಶ್ನೆಗೆ ಅವರು ‘ಇಲ್ಲ’ ಎಂದು ತುಂಬಿದ್ದರು. ಅಮೆರಿಕ ಮತ್ತು ಕೆನಡಾ ವೀಸಾ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳುತ್ತವೆ. ಸುಳ್ಳು ಹೇಳಿದ್ದಾರೆಂದು ತೀರ್ಮಾನವಾದರೆ ಅಲ್ಲಿನ ವಲಸೆ ಕಾಯ್ದೆಯ 40ನೇ ಕಲಮಿನ ಪ್ರಕಾರ ಐದು ವರ್ಷ ಆ ದೇಶಕ್ಕೆ ಪ್ರವೇಶವೇ ಇಲ್ಲ. ಏಜೆಂಟ್ ಬರೆದದ್ದು ಎಂದರೆ ಸಾಮಾನ್ಯವಾಗಿ ನಡೆಯುವುದಿಲ್ಲ, ಏಕೆಂದರೆ ಕೆಳಗಿನ ಸಹಿ ನಮ್ಮದು. ಹಳೆಯ ನಿರಾಕರಣೆಯನ್ನು ಕಾರಣಸಹಿತ ಒಪ್ಪಿಕೊಂಡರೆ ಅಷ್ಟರಿಂದಲೇ ಬಾಗಿಲು ಮುಚ್ಚುವುದಿಲ್ಲ, ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಮುಚ್ಚುತ್ತದೆ. ಅರ್ಜಿಯ ಪ್ರತಿಯಲ್ಲಿ ಆ ಉತ್ತರವನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಿರಸ್ಕಾರದ ಪತ್ರದಲ್ಲಿ ಇದ್ಯಾವುದರ ವಿವರವೂ ಇರಲಿಲ್ಲ. ಅರ್ಹತೆಯ ಷರತ್ತು ಪೂರೈಸಿಲ್ಲ, ಅವಧಿ ಮುಗಿದ ಮೇಲೆ ದೇಶ ಬಿಡುವಿರೆಂಬ ನಂಬಿಕೆ ಬಂದಿಲ್ಲ ಎಂಬಂಥ ಎಲ್ಲರಿಗೂ ಕಳಿಸುವ ವಾಕ್ಯಗಳಷ್ಟೇ ಇದ್ದವು. ಯಜಮಾನರು ಕೆನಡಾದಲ್ಲೇ ಇದ್ದುದರಿಂದ, ನನ್ನ ಒಪ್ಪಿಗೆಯ ಫಾರಂ ಇಟ್ಟು, ಐದು ಡಾಲರ್ ಶುಲ್ಕ ಕಟ್ಟಿ, ಅಲ್ಲಿನ ಮಾಹಿತಿ ಹಕ್ಕಿನ ಮೂಲಕ ಅಧಿಕಾರಿಯ ಟಿಪ್ಪಣಿಯನ್ನು ಪಡೆದರು. 2025ರ ಜುಲೈ ಕೊನೆಯಿಂದ ವರ್ಕ್ ಪರ್ಮಿಟ್ ಸೇರಿದಂತೆ ಕೆಲವು ಬಗೆಯ ಅರ್ಜಿಗಳ ತಿರಸ್ಕಾರ ಪತ್ರದ ಜೊತೆಯಲ್ಲೇ ಇಂಥ ಟಿಪ್ಪಣಿ ಕಳಿಸಲು ಆರಂಭಿಸಿದ್ದಾರೆ. ಅದನ್ನು ಓದದೆ, ಅವೇ ಕಾಗದಗಳನ್ನಿಟ್ಟು ಮರುದಿನವೇ ಮತ್ತೆ ಅರ್ಜಿ ಹಾಕಿಸುವವರ ಮಾತಿಗೆ ಒಪ್ಪಬೇಡಿ. ನಮಗೂ ಕಚೇರಿಯವರು ಇನ್ನೊಂದು 40 ಸಾವಿರ ಕೊಟ್ಟರೆ ಹಾಗೆ ಮಾಡುವುದಾಗಿ ಹೇಳಿದ್ದರು.

ಯಜಮಾನರ ಪರ್ಮಿಟ್ ನವೀಕರಣವಾದ ಮೇಲೆ ನವೆಂಬರ್‌ನಲ್ಲಿ ನಾನೇ ಕುಳಿತು ಹೊಸ ಅರ್ಜಿ ತುಂಬಿದ್ದೇನೆ. ಹಿಂದಿನ ತಪ್ಪು ಉತ್ತರವನ್ನೂ 2019ರ ನಿರಾಕರಣೆಯನ್ನೂ ಪತ್ರದ ಮೊದಲ ಪುಟದಲ್ಲೇ ಒಪ್ಪಿಕೊಂಡು ಬರೆದಿದ್ದೇನೆ. ಅಪ್ಪಯ್ಯನ ಮಂಡಿ ಪಟ್ಟಿಯ ಭಾಷಾಂತರ ಬ್ಯಾಂಕ್ ಲೆಕ್ಕದ ಪಕ್ಕದಲ್ಲೇ ಇದೆ. ಉತ್ತರ ಇನ್ನೂ ಬಂದಿಲ್ಲ. ಈಗಾಗಲೇ ಯಾರ ಬಳಿಯಾದರೂ ಕಾಗದ ಕೊಟ್ಟಿರುವವರು ಇವತ್ತೇ ನಿಮ್ಮ ಖಾತೆಯ ಇಮೇಲ್ ಮತ್ತು ಪಾಸ್‌ವರ್ಡ್ ಕೇಳಿ ಪಡೆದುಕೊಳ್ಳಿ, ಸಲ್ಲಿಸಿದ ಫಾರಂನ ಪ್ರತಿಯನ್ನು ತೆರೆದು, ಹಳೆಯ ನಿರಾಕರಣೆಯ ಪ್ರಶ್ನೆಗೆ ನಿಮ್ಮ ಹೆಸರಿನಲ್ಲಿ ಏನು ಉತ್ತರ ಹೋಗಿದೆ ಎಂದು ನೋಡಿ.