ಕಾಂಗ್ರೆಸ್ ಬನ್ನೋ, ಮಸಾಲಾ ಟೋಸ್ಟೋ?

ಬೆಂಗಳೂರಿನ ಗಾಂಧಿ ಬಜಾರಿನ ಹಿಂದೆ ಒಂದು ಅಡ್ಡರಸ್ತೆಯಲ್ಲಿ ಪುಟ್ಟ ಅಯ್ಯಂಗಾರ್ ಬೇಕರಿ ಇದೆ. ಕೂರೋಕೆ ಜಾಗವಿಲ್ಲ, ಫುಟ್‌ಪಾತ್ ಮೇಲೆ ನಿಂತೇ ತಿನ್ನಬೇಕು. ಮೂರು ಶನಿವಾರ ಸಂಜೆ ಅಲ್ಲಿ ಬೆಣ್ಣೆ, ಖಾರದ ಕಡ್ಲೆಬೀಜ ತುಂಬಿದ ಕಾಂಗ್ರೆಸ್ ಬನ್ನು, ಮಸಾಲಾ ಟೋಸ್ಟು ಎರಡನ್ನೂ ಒಟ್ಟಿಗೆ ತಗೊಂಡು ತಿಂದು ನೋಡಿದೆ.

ಟೋಸ್ಟ್ ಕಾವಲಿಯಿಂದ ಇಳಿದ ಕ್ಷಣದಲ್ಲಿ ಅದನ್ನು ಮೀರಿಸುವುದು ಯಾವುದೂ ಇಲ್ಲ. ಬೆಣ್ಣೆಯಲ್ಲಿ ಎರಡೂ ಕಡೆ ಕೆಂಪಗಾದ ಬ್ರೆಡ್ಡು, ಮೇಲೆ ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿಯ ಬಿಸಿ ಪಲ್ಯ, ಕೊತ್ತಂಬರಿ. ಅಂಚು ಕರುಂ ಅನ್ನುತ್ತೆ, ನಡುಭಾಗ ಮೆತ್ತಗೆ. ಹಸಿಮೆಣಸಿನಕಾಯಿ ತಡವಾಗಿ ನಾಲಿಗೆ ಸುಡುತ್ತೆ.

ಬನ್ನಿಗೆ ಈ ಅಬ್ಬರ ಇಲ್ಲ. ಮೊಟ್ಟೆ ಹಾಕದ, ಸ್ವಲ್ಪ ಸಿಹಿಯಾದ ಬನ್ನನ್ನು ಪೂರ್ತಿ ಕತ್ತರಿಸದೆ ಬಾಯಿ ಬಿಡಿಸಿ, ಚಾಕುವಿನಲ್ಲಿ ಬೆಣ್ಣೆ ದಪ್ಪಗೆ ಸವರುತ್ತಾರೆ. ಆಮೇಲೆ ಒಂದು ಹಿಡಿ ಕಾಂಗ್ರೆಸ್ ಕಡ್ಲೆಬೀಜ. ಸಿಪ್ಪೆ ತೆಗೆದು ಇಬ್ಭಾಗವಾದ ಬೀಜ. ಖಾರದ ಪುಡಿ, ಇಂಗು, ಕರಿಬೇವು ಹತ್ತಿರೋದು. ಒತ್ತಿ ಮುಚ್ಚಿದರೆ ಬೀಜಗಳು ಬೆಣ್ಣೆಯಲ್ಲಿ ಹೂತುಕೊಳ್ಳುತ್ತವೆ. ಸಿಹಿ, ಉಪ್ಪು, ಇಂಗಿನ ಘಮ ಒಂದೇ ತುತ್ತಿನಲ್ಲಿ. ಅಯ್ಯಂಗಾರ್ ಬೇಕರಿಗಳ ಪದ್ಧತಿ ಬೆಳೆದದ್ದು ಚಿಕ್ಕಪೇಟೆಯಲ್ಲಿ 1898ರಲ್ಲಿ ಶುರುವಾದ ಬಿ.ಬಿ. ಬೇಕರಿಯಿಂದ. ಹಾಸನದ ಕಡೆಯಿಂದ ಬಂದ ಎಷ್ಟೋ ಅಯ್ಯಂಗಾರ್ ಕುಟುಂಬಗಳು ಬೆಂಗಳೂರಿಗೆ ಈ ಮೆತ್ತನೆ ಬನ್ನಿನ ರುಚಿ ಹತ್ತಿಸಿದವು. ವಿ.ವಿ. ಪುರದ ವಿ.ಬಿ. ಬೇಕರಿಯಲ್ಲೂ ಇದೇ ಬನ್ನಿಗೆ ಜನ ಮುಗಿಬೀಳುತ್ತಾರೆ.

ಮೂರನೇ ಶನಿವಾರ ಎರಡನ್ನೂ ಅಮ್ಮನಿಗೆ ಅಂತ ಕಟ್ಟಿಸಿಕೊಂಡೆ. ಮನೆಗೆ ಇಪ್ಪತ್ತು ನಿಮಿಷದ ದಾರಿ. ಪೊಟ್ಟಣ ಬಿಚ್ಚಿದಾಗ ಪಲ್ಯದ ನೀರು ಇಳಿದು ಟೋಸ್ಟ್ ಬಾಡಿತ್ತು, ಎತ್ತಿದರೆ ಮಧ್ಯಕ್ಕೆ ಮುರೀತು. ಬನ್ನಲ್ಲಿರೋದು ಬೆಣ್ಣೆ ಅಲ್ವಾ, ನೀರು ಬಿಡೋ ಪದಾರ್ಥ ಏನೂ ಇಲ್ಲ. ಬೀಜ ಇನ್ನೂ ಗರಿಗರಿಯಾಗಿತ್ತು.

ಅಲ್ಲೇ ನಿಂತು ತಿನ್ನೋದಾದರೆ ಟೋಸ್ಟ್ ತಗೊಳ್ಳಿ, ಎರಡನೇ ಮಾತೇ ಇಲ್ಲ. ಆದರೆ ನನ್ನ ಓಟು ಬನ್ನಿಗೆ. ಅಮ್ಮ ಅರ್ಧ ತಿಂದು, ಉಳಿದರ್ಧವನ್ನು ಬೆಳಗಿನ ಕಾಫಿಗೆ ಅಂತ ಡಬ್ಬಿಗೆ ಹಾಕಿಟ್ಟರು.