ಹಳೆಯ ಚೆರೋಕಿಗೆ ಮರುಕಟ್ಟಿದ 4.0 ಎಂಜಿನ್: ದೀರ್ಘ ಬಳಕೆಯ ನಂತರ

ಜೀಪ್ ಚೆರೋಕಿಯ ಆರು ಸಿಲಿಂಡರಿನ 4.0 ಲೀಟರ್ ಎಂಜಿನ್ ಗಟ್ಟಿಪಿಂಡ ಎನ್ನುವುದು ಸುಳ್ಳಲ್ಲ. 1987ರ ಮಾದರಿಯಿಂದ 2006ರವರೆಗೆ ಜೀಪಿನ ಹಲವು ಗಾಡಿಗಳನ್ನು ಎಳೆದದ್ದು ಇದೇ. ಆದರೂ ಬೋರ್, ಅಂದರೆ ಸಿಲಿಂಡರಿನ ಒಳಗೋಡೆ, ಸವೆಯದೆ ಇರುವುದಿಲ್ಲ. ನನ್ನ ಗಾಡಿ ನೀಲಿ ಹೊಗೆ ಉಗುಳುತ್ತಾ ಆಯಿಲ್ ಕುಡಿಯತೊಡಗಿದಾಗ, ಸಿಲಿಂಡರುಗಳನ್ನು ಕೊರೆದು ಅಗಲಿಸಿ ಹೊಸ ಪಿಸ್ಟನ್, ರಿಂಗ್, ಬೇರಿಂಗ್, ಕ್ಯಾಮ್‌ಶಾಫ್ಟ್ (ವಾಲ್ವುಗಳನ್ನು ತೆರೆಸುವ ಉಬ್ಬುಗಳಿರುವ ದಂಡ) ಹಾಕಿ ಕಟ್ಟಿದ ಎಂಜಿನ್ ಕೂರಿಸಿದೆ. ಎಂಜಿನ್ ಚೆನ್ನಾಗಿದೆ. ಜೊತೆಗೆ ಬಂದ ಸೂಚನೆಯ ಹಾಳೆ ಮಾತ್ರ ಕಸದ ಬುಟ್ಟಿಗೇ ಸರಿ.

ಅದರಲ್ಲಿದ್ದದ್ದು ಇಷ್ಟೇ: ಮೊದಮೊದಲು ನಿಧಾನವಾಗಿ ಓಡಿಸಿ. ಕ್ಯಾಮ್ ಬಗ್ಗೆ ಒಂದಕ್ಷರವೂ ಇಲ್ಲ! ಕ್ಯಾಮಿನ ತಳ್ಳಾಟವನ್ನು ವಾಲ್ವಿನತ್ತ ದಾಟಿಸುವ ಈ ಎಂಜಿನ್ನಿನ ಲಿಫ್ಟರ್‌ಗಳಿಗೆ ರೋಲರ್ ಇಲ್ಲ, ಅವುಗಳ ತಳ ನೇರವಾಗಿ ಕ್ಯಾಮಿನ ಉಬ್ಬಿನ ಮೇಲೆ ಉಜ್ಜುತ್ತದೆ. ಐಡ್ಲಿಂಗ್‌ನಲ್ಲಿ (ಎಕ್ಸಲರೇಟರ್ ಒತ್ತದೆ ಓಡುವಾಗ) ಅಲ್ಲಿಗೆ ಸಿಡಿಯುವ ಆಯಿಲ್ ಸಾಲದು. ಹಾಗಾಗಿ ಸ್ಟಾರ್ಟ್ ಆದ ಗಳಿಗೆಯಿಂದಲೇ 2,000ದಿಂದ 2,500 ಆರ್‌ಪಿಎಂ ನಡುವೆ ಏರಿಳಿಸುತ್ತಾ 20–30 ನಿಮಿಷ ಓಡಿಸಬೇಕು. ಅದಕ್ಕೂ ಮೊದಲು ಡಿಸ್ಟ್ರಿಬ್ಯೂಟರ್ ತೆಗೆದು, ಎಲ್ಲೆಡೆ ಆಯಿಲ್ ಮೊದಲೇ ತುಂಬಲೆಂದು ಆ ತೂತಿನಿಂದ ಆಯಿಲ್ ಪಂಪನ್ನು ಡ್ರಿಲ್ಲಿನಲ್ಲಿ ತಿರುಗಿಸಿದೆ. ಕೊಂಚ ಹೊತ್ತು ಸಲೀಸಾಗಿ ತಿರುಗಿದ ಡ್ರಿಲ್ ಇದ್ದಕ್ಕಿದ್ದಂತೆ ಭಾರವಾಗಿ ಕೈಯನ್ನು ಹಿಂಡಿತು. ಗೇಜಿನ ಮುಳ್ಳು ಎದ್ದಿತು, ಮೇಲೆ ವಾಲ್ವುಗಳನ್ನು ಒತ್ತುವ ರಾಕರ್‌ಗಳ ಬಳಿ ಆಯಿಲ್ ಒಸರಿತು. ಅದನ್ನು ಕಣ್ಣಾರೆ ಕಾಣದೆ ಚಾವಿ ತಿರುಗಿಸುವ ಧೈರ್ಯ ನನಗಿಲ್ಲ.

ಆಯಿಲ್ ವಿಷಯದಲ್ಲೂ ಎಚ್ಚರ ಬೇಕು. 2004ರಲ್ಲಿ ಬಂದ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐನ ಎಸ್‌ಎಂ ಮಾನದಂಡ ತೆಳು ಆಯಿಲ್‌ಗಳ ರಂಜಕವನ್ನು ಶೇ 0.08ಕ್ಕೆ ಮಿತಿಗೊಳಿಸಿತು. ಕ್ಯಾಟಲಿಟಿಕ್ ಕನ್ವರ್ಟರಿಗೆ ಅದು ಒಳ್ಳೆಯದು, ಹೊಸ ಕ್ಯಾಮಿಗಲ್ಲ: ಸವೆತ ತಡೆಯುವ ಜಿಂಕ್ ಸಂಯುಕ್ತದಲ್ಲೇ ಆ ರಂಜಕ ಇರುವುದು. ಜಿಂಕ್ ಹೆಚ್ಚಿರುವ, ಎಂಜಿನ್ ಪಳಗಿಸಲೆಂದೇ ಮಾರುವ ಮಿನರಲ್ ಆಯಿಲ್ ಹಾಕಿ, ಆ ಮೊದಲ ಓಟ ಮುಗಿದ ಕೂಡಲೇ ಫಿಲ್ಟರ್ ಸಮೇತ ಬದಲಿಸಿದೆ. ಬಸಿದ ಆಯಿಲ್ ಬಿಸಿಲಿಗೆ ಹಿಡಿದರೆ ಬೆಳ್ಳಿಪುಡಿ ಕಲಸಿದಂತೆ ಮಿನುಗುತ್ತಿತ್ತು. ಅಷ್ಟಕ್ಕೆ ಗಾಬರಿ ಬೇಡ. ಮುಂದಿನ ಬದಲಾವಣೆಯಲ್ಲೂ ಅದೇ ಮಿನುಗು ಕಂಡರೆ ಮಾತು ಬೇರೆ.

ನಯವಾಗಿ ಓಡಿಸುವುದರಿಂದ ಪಿಸ್ಟನ್ ರಿಂಗ್ ಸಿಲಿಂಡರಿನ ಗೋಡೆಗೆ ಹೊಂದಿ ಕೂರುವುದಿಲ್ಲ. ಉರಿದ ಅನಿಲದ ಒತ್ತಡ ರಿಂಗಿನ ಹಿಂದೆ ಸೇರಿ ಅದನ್ನು ಗೋಡೆಗೆ ಒತ್ತಬೇಕು, ಲೋಡ್ ಇಲ್ಲದೆ ಆ ಒತ್ತಡ ಹುಟ್ಟುವುದಿಲ್ಲ. ಹೋನ್ ಮಾಡಿದ (ಆ ಗೋಡೆಯನ್ನು ಉಜ್ಜಿ ಮೂಡಿಸಿದ) ಗೆರೆಗಳ ಮೇಲೆ ಆಯಿಲ್ ಸುಟ್ಟು ಗಾಜಿನ ಪದರ ಕಟ್ಟಿದರೆ ಎಂಜಿನ್ ಮತ್ತೆ ಬಿಚ್ಚಬೇಕಾದೀತು. ಹೆದ್ದಾರಿಯ ಏರುಗಳಲ್ಲಿ ಎಕ್ಸಲರೇಟರ್ ಒತ್ತಿ ಎಳೆಸಿ, ಇಳಿಜಾರಿನಲ್ಲಿ ಗೇರಿನಲ್ಲೇ ಬಿಟ್ಟು ವೇಗ ಇಳಿಸುವುದು, ಮತ್ತೆ ಎಳೆಸುವುದು: ನನ್ನ ಕ್ರಮ ಇದು. ಪೂರ್ತಿ ಥ್ರಾಟಲ್ ಇಲ್ಲ, ಒಂದೇ ವೇಗದ ಓಟವೂ ಇಲ್ಲ. ಕಲ್ಲುಬಂಡೆಯ ದಾರಿಯಂತೂ ಆಗ ಬೇಡವೇ ಬೇಡ. ಫೋರ್ ಲೋನಲ್ಲಿ (ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರಿನಲ್ಲಿ) ತೆವಳುವಾಗ ಎದುರುಗಾಳಿ ಇಲ್ಲದೆ ಶಾಖ ಏರುತ್ತದೆ, ಕಾಲ ಬಹುಪಾಲು ಐಡ್ಲಿಂಗ್‌ನಲ್ಲೇ ಕಳೆಯುತ್ತದೆ. ಸುಮಾರು 800 ಕಿ.ಮೀ.ಗೆ ಮತ್ತೊಮ್ಮೆ ಆಯಿಲ್ ಬದಲಿಸಿದ ಮೇಲೆಯೇ ಗಾಡಿಯನ್ನು ಕಾಡಿಗಿಳಿಸಿದೆ.

ಈಗ ಹೊಗೆ ಇಲ್ಲ. ಎರಡು ಆಯಿಲ್ ಬದಲಾವಣೆಗಳ ನಡುವೆ ಡಿಪ್‌ಸ್ಟಿಕ್ಕಿನ ಗೆರೆ ಇಳಿದದ್ದೇ ತಿಳಿಯುವುದಿಲ್ಲ. ಕಾರ್ಖಾನೆಯ ಕೈಪಿಡಿ ಕೇಳುವ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಅದುಮಿದಾಗಿನ ಒತ್ತಡ) 120ರಿಂದ 150 ಪಿಎಸ್‌ಐ, ಸಿಲಿಂಡರುಗಳ ನಡುವೆ 30ಕ್ಕಿಂತ ಹೆಚ್ಚು ಅಂತರ ಕೂಡದು. ಆರೂ ಸಿಲಿಂಡರುಗಳು ಅದರೊಳಗೇ ಇವೆ. ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ಒತ್ತಡ ಕೈಪಿಡಿಯ ಕನಿಷ್ಠ 13 ಪಿಎಸ್‌ಐಗಿಂತ ಸಾಕಷ್ಟು ಮೇಲಿದೆ. ಒಂದೇ ದೂರು: ಕ್ರ್ಯಾಂಕ್ ದಂಡದ ಹಿಂತುದಿಯಲ್ಲಿ ಆಯಿಲ್ ತಡೆಯುವ ಹಿಂಬದಿಯ ಮೇನ್ ಸೀಲ್ ಮತ್ತೆ ತೊಟ್ಟಿಕ್ಕುತ್ತಿದೆ. ಕಟ್ಟಿಕೊಟ್ಟವರನ್ನು ಕೇಳಿದರೆ "ಈ ಎಂಜಿನ್ನಿನ ಗುಣವೇ ಹಾಗೆ" ಎಂದು ಕೈ ತೊಳೆದುಕೊಂಡರು. ಹೊಸ ಸೀಲ್ ನಾನೇ ತಂದಿಟ್ಟಿದ್ದೇನೆ, ಆಯಿಲ್ ಪ್ಯಾನ್ ಬಿಚ್ಚಲು ಪುರುಸೊತ್ತು ಸಿಕ್ಕಬೇಕು.